ರಿಮು ಫ್ಲಾಟ್ ಬಿಟ್ಟು ಬರದ ಬಿಲ್ಕಿಸ್

ಸಾವಾದ ಮನೆಯವರ ಮೇಲೆ ಯಾರೂ ಸಿಟ್ಟು ಮಾಡಿಕೊಳ್ಳುವುದಿಲ್ಲ. ಆದರೆ ಗಂಡ ಜಾವೇದ್ ತೀರಿಕೊಂಡಾಗ ಬಿಲ್ಕಿಸ್ ಮೇಲೆ ಸಿಟ್ಟಾಗದವರು ನಮ್ಮ ಬಳಗದಲ್ಲಿ ಯಾರೂ ಉಳಿಯಲಿಲ್ಲ. ಅವಳ ಭಾವ ಮಹಮ್ಮದ್ ಅವರಿಗೆ ಸಿಟ್ಟು, ಮಗಳು ಸಾದಿಯಾಗೆ ಸಿಟ್ಟು, ನನ್ನ ಗಂಡ ಉದಯಶಂಕರ್‌ಗೂ ಸಿಟ್ಟು. ಸುತ್ತ ಹೊಳೆಗಳು ಉಕ್ಕಿ ಹರಿಯುತ್ತಿರುವಾಗ, ಗಂಡನನ್ನು ಮನೆಯಲ್ಲಿ ಮಲಗಿಸಿಕೊಂಡು, ಇಷ್ಟು ಜನರನ್ನು ಒಟ್ಟಿಗೆ ಎದುರು ಹಾಕಿಕೊಂಡ ಅವಳು ಹೇಳಿದ್ದು ಒಂದೇ ಮಾತು: “ನಾನು ಬರಂಗಿಲ್ಲ. ಅವರನ್ನೂ ಕಳಸಂಗಿಲ್ಲ.”

ನಾನು ಗೀತಾ, ಮೈಸೂರಿನವಳು. ಹ್ಯಾಮಿಲ್ಟನ್‌ನಲ್ಲಿ ನಾವು ಮೊದಲ ಬಾಡಿಗೆ ಮನೆ ಹಿಡಿದಾಗ ಪಕ್ಕದ ಮನೆಯಲ್ಲಿ ಬಿಲ್ಕಿಸ್, ಜಾವೇದ್ ಇದ್ದರು. ನಡುವಿನ ಬೇಲಿಯಲ್ಲಿ ಒಂದು ಹಲಗೆ ಮುರಿದಿತ್ತು. ಅದನ್ನು ಸರಿಪಡಿಸುವ ಮನಸ್ಸು ಎರಡು ಮನೆಯವರಿಗೂ ಬರಲಿಲ್ಲ. ಆ ಸಂದಿಯಿಂದ ನನ್ನ ಸಾರಿನ ಪಾತ್ರೆ ಆ ಕಡೆ ಹೋಗುತ್ತಿತ್ತು. ಅವಳ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಈ ಕಡೆ ಬರುತ್ತಿದ್ದವು.

ಅವಳು ರಾಣೆಬೆನ್ನೂರಿನವಳು. ಮದುವೆಗೆ ಮುಂಚೆ ಹಾವೇರಿ ಹತ್ತಿರದ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುತ್ತಿದ್ದಳು. ಮನೆಯೊಳಗೆ ದಖನಿ ಉರ್ದು, ಹೊಸ್ತಿಲು ದಾಟಿದರೆ ಆ ಸೀಮೆಯ ಗಟ್ಟಿ ಕನ್ನಡ. ಮಾತು ಜೋರು, ಪಿಸುಮಾತು ಅವಳಿಗೆ ಬರುತ್ತಲೇ ಇರಲಿಲ್ಲ. ಜಾವೇದ್ ಅದಕ್ಕೆ ತದ್ವಿರುದ್ಧ. ಊರಲ್ಲಿ ಕೊಳವೆಬಾವಿಯ ಪಂಪು ರಿಪೇರಿ ಮಾಡುತ್ತ ಬೆಳೆದವನು, ಡಿಪ್ಲೊಮಾ ಮುಗಿಸಿ ಅಣ್ಣನ ಹಿಂದೆ ನ್ಯೂಜಿಲೆಂಡಿಗೆ ಬಂದ. ಅಣ್ಣ ಮಹಮ್ಮದ್ ಆಗಲೇ ಆಕ್ಲೆಂಡಿನ ನ್ಯೂ ಲಿನ್‌ನಲ್ಲಿ ಹಲಾಲ್ ಮಾಂಸದಂಗಡಿ ಇಟ್ಟು ನಾಲ್ಕು ಜನರಿಗೆ ಬೇಕಾದವರಾಗಿದ್ದರು. ತಮ್ಮನನ್ನೂ ಅಂಗಡಿಗೆ ಸೇರಿಸಿಕೊಳ್ಳಬೇಕೆಂದಿದ್ದರು. ಜಾವೇದ್ ಒಪ್ಪಲಿಲ್ಲ. ಹ್ಯಾಮಿಲ್ಟನ್‌ಗೆ ಬಂದು ಹಾಲು ಕರೆಯುವ ಯಂತ್ರಗಳನ್ನು ದುರಸ್ತಿ ಮಾಡುವ ಕಂಪನಿ ಸೇರಿದ. ಯಂತ್ರದ ಎದುರು ಕೂತರೆ ಅವನಿಗೆ ಊಟದ ನೆನಪೂ ಇರುತ್ತಿರಲಿಲ್ಲ.

ಆ ಕಂಪನಿಗೆ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಗೆ ಒಬ್ಬ ಮೆಕ್ಯಾನಿಕ್ ಬೇಕಾಗಿತ್ತು. ಕೇಳಿದವರೆಲ್ಲ ಬೆನ್ನು ತಿರುಗಿಸಿದರು. ಆ ಸೀಮೆಯ ಉದ್ದ ಬೆಳಗಾವಿಯಿಂದ ಮೈಸೂರಿನಷ್ಟು. ಅಗಲ ಮಾತ್ರ ಒಂದು ಕೈಪಟ್ಟಿಯಷ್ಟು: ಈ ಕಡೆ ಹಿಮದ ಪರ್ವತಸಾಲು, ಆ ಕಡೆ ಟಾಸ್ಮನ್ ಸಮುದ್ರ, ನಡುವೆ ಕಾಡು, ಹೊಳೆ, ಹುಲ್ಲುಗಾವಲು. ವೆಸ್ಟ್‌ಪೋರ್ಟ್, ಗ್ರೇಮೌತ್, ಹೊಕಿಟಿಕಾದಂಥ ಮೂರ್ನಾಲ್ಕನ್ನು ಬಿಟ್ಟರೆ ಪಟ್ಟಣ ಅನ್ನುವಂಥದ್ದಿಲ್ಲ. ಇಡೀ ಸೀಮೆಯ ಜನರನ್ನು ಕೂಡಿಸಿದರೂ ರಾಣೆಬೆನ್ನೂರಿನ ಮೂರರಲ್ಲೊಂದು ಪಾಲು ಆಗುವುದಿಲ್ಲ. ಹೊಕಿಟಿಕಾ ದಾಟಿ ದಕ್ಷಿಣಕ್ಕೆ ಹೊರಟರೆ ಫೋನಿನ ಸಿಗ್ನಲ್ ಕೂಡ ತನಗೆ ಬೇಕಾದಾಗ ಬರುತ್ತದೆ, ಬೇಡವಾದಾಗ ಹೋಗುತ್ತದೆ.

“ಎರಡ ವರ್ಷ ಇದ್ದು ಬರ್ತೀವಿ ಗೀತಾ” ಅಂತ ಹೇಳಿ ಹೋದವಳು ಬಿಲ್ಕಿಸ್. ಅವರಿಗೆ ಸಿಕ್ಕ ಮನೆ ರಿಮು ಫ್ಲಾಟ್ ಅನ್ನುವ ಊರಿನಲ್ಲಿ; ಹೆಸರಿನಲ್ಲಿ ಫ್ಲಾಟ್ ಅಂದರೆ ಬಯಲು. ಹೆದ್ದಾರಿಯ ಪಕ್ಕ ಒಂದು ಪುಟ್ಟ ಶಾಲೆ, ನರ್ಸ್ ಒಬ್ಬಳೇ ನಡೆಸುವ ಕ್ಲಿನಿಕ್, ಪೆಟ್ರೋಲ್ ಪಂಪೂ ಅಂಚೆಯೂ ಆಗಿರುವ ಒಂದು ಅಂಗಡಿ, ದೂರದೂರಕ್ಕೆ ಚೆದುರಿದ ಹಾಲಿನ ಫಾರ್ಮುಗಳು. ಇಷ್ಟೇ ಊರು.

ಮೊದಲ ಚಳಿಗಾಲದಲ್ಲಿ ಅವಳು ಫೋನ್ ಮಾಡಿ ಅತ್ತಿದ್ದುಂಟು. “ಇಲ್ಲಿ ಮಳಿ ಬೀಳಂಗಿಲ್ಲ ಗೀತಾ, ಯಾರೋ ಮ್ಯಾಲೆ ಕುಂತು ಕೊಡಪಾನಲೆ ಸುರವ್ತಾರ. ಮಳಿ ನಿಂತ್ರ ಹಾಳಾದ ನೊಣಾ ಕಡೀತಾವ. ಮಾತಾಡಾಕ ಆಕಳ ಅಷ್ಟ ಅದಾವ.” ಆಗ ನಾನು ನಕ್ಕುಬಿಟ್ಟಿದ್ದೆ, ಅವಳೂ ಅಳುತ್ತಲೇ ನಕ್ಕಳು.

ಅವಳು ಅಲ್ಲಿಯವಳಾಗಿದ್ದು ಶಾಲೆಯ ಬಸ್ಸಿನಿಂದ. ಬಸ್ ಅಂದರೆ ದೊಡ್ಡ ವ್ಯಾನು. ಅದನ್ನು ಓಡಿಸುತ್ತಿದ್ದ ಮುದುಕ ಕೆಲಸ ಬಿಟ್ಟಾಗ ಬೇರೆ ಯಾರೂ ಮುಂದೆ ಬರಲಿಲ್ಲ. ಬಿಲ್ಕಿಸ್ ಬಂದಳು. ತಲೆಗೆ ದುಪಟ್ಟಾ ಸುತ್ತಿದ ಈ ಹೆಂಗಸು ಬಸ್ ಓಡಿಸುವಳೇ ಎಂದು ಕೆಲವರು ಮೂಗು ಮುರಿದರು. ಡೆಸ್ಮಂಡ್ ಎಂಬ ರೈತ ಅದನ್ನು ಬಾಯಿಬಿಟ್ಟೇ ಕೇಳಿದ. ಆ ರಸ್ತೆಯಲ್ಲಿ ಸೇತುವೆಗಳೆಲ್ಲ ಒಂದೇ ಗಾಡಿ ಹಿಡಿಸುವಂಥವು. ಎದುರಿನಿಂದ ಹಾಲಿನ ಟ್ಯಾಂಕರ್ ಬಂದರೆ ಹಿಂದೆ ಸರಿಯಬೇಕು. “ಸೇತುವೆ ಮೇಲೆ ರಿವರ್ಸ್ ಹಾಕೋಕೆ ಬರುತ್ತಾ?” ಅಂದ.  “ಗಾಡಿ ಹತ್ತು” ಅಂದಳು ಬಿಲ್ಕಿಸ್. ಡೆಸ್ಮಂಡ್‌ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಊರ ಹೊರಗಿನ ಉದ್ದ ಸೇತುವೆಯನ್ನು ಈ ತುದಿಯಿಂದ ಆ ತುದಿಯವರೆಗೆ ಹಿಮ್ಮುಖವಾಗಿ ದಾಟಿಸಿದಳು. ಅಲ್ಲಿಂದ ಮತ್ತೆ ಹಿಮ್ಮುಖವಾಗಿಯೇ ಅವನ ಗೇಟಿನ ತನಕ ತಂದು ಇಳಿಸಿದಳು. “ಸಾಕಾ?” ಅಂತ ಕೇಳಿದಳು. ಡೆಸ್ಮಂಡ್ ಇಳಿದು, ಸ್ವಲ್ಪ ಹೊತ್ತು ಬೇಲಿ ಹಿಡಿದು ನಿಂತಿದ್ದನಂತೆ.

ಆಮೇಲೆ ಎರಡು ವರ್ಷದ ಮಾತನ್ನು ಯಾರೂ ಎತ್ತಲಿಲ್ಲ. ಬಸ್ಸಿನಲ್ಲಿ ಮಕ್ಕಳಿಗೆ ಹೊಳೆಗಳ ಹೆಸರುಗಳನ್ನು ಉತ್ತರದಿಂದ ದಕ್ಷಿಣಕ್ಕೆ ಮಗ್ಗಿಯಂತೆ ಹೇಳಿಸುತ್ತಿದ್ದಳು. ಜಾವೇದ್ ತನ್ನ ಯೂಟ್ ಅನ್ನುವ ಪಿಕಪ್ ಗಾಡಿಯ ಹಿಂದೆ ಪೈಪು, ಪಂಪು, ರಬ್ಬರು ತುಂಬಿಕೊಂಡು ಫಾರ್ಮಿನಿಂದ ಫಾರ್ಮಿಗೆ ತಿರುಗುತ್ತಿದ್ದ. ಹಾಲು ಕರೆಯುವ ಯಂತ್ರ ನಿಂತರೆ ರೈತ ಕಾಯಬಹುದು, ಕೆಚ್ಚಲು ತುಂಬಿದ ಹಸು ಕಾಯುವುದಿಲ್ಲ. ಅವನನ್ನು ಎಲ್ಲರೂ ಜ್ಯಾವ್ ಅಂತ ಕರೆಯುತ್ತಿದ್ದರು. ಹುಡುಗಿಯಾಗಿ ಜತೆಗೆ ಹೋಗಿದ್ದ ಸಾದಿಯಾ ಅಲ್ಲೇ ಬೆಳೆದು, ಹೊರಗೆ ಓದಿ, ಫಿಸಿಯೋಥೆರಪಿಸ್ಟ್ ಆಗಿ ಹ್ಯಾಮಿಲ್ಟನ್‌ಗೆ ವಾಪಸು ಬಂದಳು. ತಾಯಿ ತಂದೆ ಬರಲಿಲ್ಲ. ಹನ್ನೊಂದು ವರ್ಷ ಹೀಗೆ ಹೋಯಿತು.

ಆ ಸೆಪ್ಟೆಂಬರಿನಲ್ಲಿ ಹಸುಗಳು ಕರು ಹಾಕಿ ಮುಗಿಸುವ ಹೊತ್ತಿಗೆ ಮಳೆ ಹಿಡಿಯಿತು. ಅಲ್ಲಿಯವರೂ ಕಂಡಿರದಂಥ ಮಳೆ. ರಿಮು ಫ್ಲಾಟಿನ ಉತ್ತರಕ್ಕೆ ಒಂದು ಸೇತುವೆಯನ್ನು ಹೊಳೆ ಎತ್ತಿಕೊಂಡು ಹೋಯಿತು. ದಕ್ಷಿಣಕ್ಕೆ ಗುಡ್ಡ ಕುಸಿದು ರಸ್ತೆಯ ಮೇಲೆ ಮಲಗಿತು. ಕರೆಂಟ್ ಇಲ್ಲ, ಮೊಬೈಲ್ ಟವರ್ ಸತ್ತಿತ್ತು. ನಡುವೆ ಸಿಕ್ಕಿಕೊಂಡವರು ರಿಮು ಫ್ಲಾಟಿನ ಜನ, ಮತ್ತು ಹಾಲು ತುಂಬಿಕೊಂಡು ಒರಲುವ ಹಸುಗಳು. ಜಾವೇದ್ ಒಂದೇ ಜನರೇಟರ್ ಹಿಡಿದುಕೊಂಡು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋದ. ಒಂದು ಕಡೆ ಕರೆದು ಮುಗಿಯುತ್ತಲೇ ಅದನ್ನು ಬಿಚ್ಚಿ ಇನ್ನೊಂದು ಕಡೆ ಕಟ್ಟುವುದು.

ಎರಡನೆಯ ದಿನ ಬೆಳಿಗ್ಗೆ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಗಂಬೂಟು ಎಳೆಯತೊಡಗಿದ. ಬಿಲ್ಕಿಸ್ ಒಳಗೆ ಚಹಾ ಸೋಸುತ್ತಿದ್ದಳು. “ಒಂದು ಬೂಟು ಬಿದ್ದ ಸಪ್ಪಳ ಕೇಳ್ತು” ಅಂತ ಅವಳು ನನಗೆ ಹೇಳಿದಳು. “ಇನ್ನೊಂದು ಬೀಳಲಿಲ್ಲ.”

ಕ್ಲಿನಿಕ್ಕಿನ ನರ್ಸ್ ಮಳೆಯಲ್ಲೇ ಓಡಿ ಬಂದು ಎದೆ ಒತ್ತಿದಳು. ಹೆಲಿಕಾಪ್ಟರ್ ಬರುವಂಥ ಆಕಾಶವಿರಲಿಲ್ಲ. ಕೊನೆಗೆ ನರ್ಸ್ ಕೈ ತೆಗೆದು, ಬಿಲ್ಕಿಸ್‌ಳನ್ನು ಅಪ್ಪಿಕೊಂಡು, ತಾನೇ ಅತ್ತಳು.

ಊರಿನಲ್ಲಿ ಹೊರಗಿನವರ ಜತೆ ಮಾತಾಡಲು ಉಳಿದಿದ್ದ ದಾರಿ ಒಂದೇ, ಡೆಸ್ಮಂಡ್ ಮನೆಯ ಮಾಡಿನ ಮೇಲಿನ, ಬ್ಯಾಟರಿಗೆ ಕಟ್ಟಿ ನಡೆಸುತ್ತಿದ್ದ ಉಪಗ್ರಹದ ಇಂಟರ್ನೆಟ್. ಅವನ ಅಡಿಗೆಮನೆಯಲ್ಲಿ ಕೂತು ಬಿಲ್ಕಿಸ್ ಸುದ್ದಿ ಹೇಳಿದಳು. ಸಂಜೆಯೊಳಗೆ ಮಹಮ್ಮದ್ ಅವರು ಎಲ್ಲರನ್ನೂ ವಾಟ್ಸ್ಯಾಪ್ ಕರೆಯಲ್ಲಿ ಸೇರಿಸಿದರು: ತಾವು, ಸಾದಿಯಾ, ನಾವಿಬ್ಬರು, ಡೆಸ್ಮಂಡ್ ಮನೆಯಿಂದ ಬಿಲ್ಕಿಸ್. ತಮ್ಮತಮ್ಮಲ್ಲಿ ಉರ್ದು ಆಡುವ ಜನ; ನಾವೂ ಇದ್ದುದರಿಂದ ಅಂದು ಕನ್ನಡದಲ್ಲೇ ಮಾತು ನಡೆಯಿತು.

ಮಾತು ಶುರು ಮಾಡಿದವರು ಮಹಮ್ಮದ್ ಅವರೇ. ಸತ್ತವನು ಅವರು ಸಾಕಿ ಬೆಳೆಸಿದ ತಮ್ಮ. “ಬಿಲ್ಕಿಸ್, ನಾಳೆ ಮಳಿ ತುಸು ಬಿಡತೈತಂತ. ಹೆಲಿಕಾಪ್ಟರ್ ಗೊತ್ತು ಮಾಡೀನಿ. ಜಾವೇದನ್ನ ಕರ್ಕೊಂಡು ನೀನೂ ಬಾ. ಇಲ್ಲಿ ನಮ್ಮ ಖಬರಸ್ತಾನ ಐತಿ, ಮಸೀದಿ ಮಂದಿ ಎಲ್ಲಾ ಜನಾಜಾಕ್ಕ ಬರ್ತಾರ.”

“ಇಲ್ಲ ಭಾಯಿಜಾನ್. ಇಲ್ಲೇ ಮಣ್ಣ ಮಾಡ್ತೀನಿ.”

 

“ಹಟ ಮಾಡೂ ಹೊತ್ತಲ್ಲ ಇದು” ಅಂದರು ಮಹಮ್ಮದ್. “ಅಲ್ಲೇನೈತಿ? ಗುಡ್ಡ, ಹೊಳಿ, ಆಕಳ. ನಿರ್ಜನ ಜಾಗಾ ಅದು.”

“ನಿರ್ಜನ ಅಂದ್ರ ಏನ್ರೀ? ಜನ ಇಲ್ಲ ಅಂತ, ಹೌದಲ್ಲ? ಮತ್ತ ಹನ್ನೊಂದು ವರ್ಷದಿಂದ ನಾನೇನು ಆಕಳಾಗಿದ್ನೇನು?”

ಉದಯಶಂಕರ್ ಸಮಾಧಾನಕ್ಕೆ ನಡುವೆ ಬಾಯಿ ಹಾಕಿದರು. “ಬಿಲ್ಕಿಸ್, ದುಃಖದಲ್ಲಿ ಇದೀರಿ, ನಂಗೆ ಅರ್ಥ ಆಗುತ್ತೆ. ಆದ್ರೆ ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ. ಅಲ್ಲಿ ನಮ್ಮೋರು ಅಂತ ಯಾರಿದಾರೆ?”

“ಉದಯಣ್ಣಾ, ಮುಂಜಾನಿಂದ ನಮ್ಮ ಮನ್ಯಾಗ ಕಾಲಿಡಾಕ ಜಾಗಾ ಇಲ್ಲ. ಹೊಳಿ ದಾಟಿ ಬಂದು ಕುಂತಾರ. ಹ್ಯಾಮಿಲ್ಟನ್ನಾಗ ನಮ್ಮ ಎದುರು ಮನ್ಯಾಗ ಯಾರಿದ್ರು, ಹೆಸರು ಹೇಳ್ರಿ ನೋಡೂಣು?”

ಉದಯಶಂಕರ್ ನನ್ನ ಮುಖ ನೋಡಿದರು. ನನಗೂ ಹೆಸರು ಗೊತ್ತಿರಲಿಲ್ಲ.

ಮಹಮ್ಮದ್ ಬಿಡಲಿಲ್ಲ, ಹೆಣಕ್ಕೆ ಮಾಡಿಸುವ ಸ್ನಾನದ ಮಾತೆತ್ತಿದರು. “ಮಯ್ಯತ್‌ಗೆ ನೀರು ಹಾಕೋರು ಯಾರು ಅಲ್ಲಿ?”

“ನಾನ ಹಾಕ್ತೀನಿ. ಹೆಂಡ್ತಿಗೆ ಆ ಹಕ್ಕ ಐತಿ. ನಿಮಗ ಗೊತ್ತಿಲ್ಲೇನು?”

“ನಮಾಜ್ ಓದಸೋರು?”

“ಫರಾಜ್ ಅದಾನ. ಹೈದರಾಬಾದಿನಾಂವ. ಇಲ್ಲೇ ಹಾಲು ಕರೀತಾನ.”

“ಒಬ್ಬಾಂವ! ಹಿಂದ ನಿಲ್ಲೋರು ಯಾರು? ನಾಳೆ ಗೋರಿ ಮುಂದ ಫಾತಿಹಾ ಓದಾಕ ಯಾರು ಬರ್ತಾರ ಅಲ್ಲಿ?”

“ನೀವು ಬರ್ರಿ. ರಸ್ತಾ ಐತಲ್ಲ. ಇವತ್ತ ಹರದೈತಿ, ಮುಂದ ಕೂಡತೈತಿ.” ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅವಳ ದನಿ ಆಗ ಒಡೆಯಿತು. “ಭಾಯಿಜಾನ್, ಈ ಮನುಷ್ಯಾ ಕಡೀ ತನಕಾ ಈ ಮಂದಿ ಆಕಳಿಗೋಸ್ಕರ ಮಳ್ಯಾಗ ತಿರಗ್ಯಾನ. ಬದುಕಿದ್ದಾಗ ಈ ನೆಲಕ್ಕ ಬೇಕಾಗಿದ್ದಾಂವ ಸತ್ತ ಮ್ಯಾಲೆ ಬ್ಯಾಡಾದ್ನೇನು? ಖಾಲಿ ಜಾಗಾ ಅಂತ ಎಲ್ಲಾರೂ ಎತ್ಕೊಂಡು ಹೋದ್ರ ಇದು ಖಾಲಿನ ಆಗತೈತಿ.”

 “ಬಡೇ ಅಬ್ಬಾ, ಐ ವಿಲ್ ಗೋ ಅಂಡ್ ಗೆಟ್ ದೆಮ್” ಅಂದು ಸಾದಿಯಾ ದೊಡ್ಡಪ್ಪನ ಉತ್ತರಕ್ಕೆ ಕಾಯದೆ ಕರೆಯಿಂದ ಹೊರಗೆ ಹೋದಳು.

ಬಿಲ್ಕಿಸ್‌ಳ ಎರಡನೆಯ ಜಗಳ ಫೋನಿಟ್ಟ ಕೂಡಲೇ, ಅದೇ ಅಡಿಗೆಮನೆಯಲ್ಲಿ ಶುರುವಾಯಿತು. ರಿಮು ಫ್ಲಾಟಿನ ಸ್ಮಶಾನ ಹೆದ್ದಾರಿಯಿಂದ ಮೇಲೆ, ಜಲ್ಲಿನೆಲದ ದಿಬ್ಬದಲ್ಲಿದೆ. ಎಂಥ ಮಳೆಗೂ ಅಲ್ಲಿ ನೀರು ನಿಲ್ಲುವುದಿಲ್ಲ. ಚಿನ್ನ ಹುಡುಕಿ ಬಂದು ಹೊಳೆಯಲ್ಲಿ ಮುಳುಗಿ ಸತ್ತವರಿಂದ ಹಿಡಿದು ಅಲ್ಲಿಯ ಎಲ್ಲರೂ ನೇರ ಸಾಲುಗಳಲ್ಲಿ ಮಲಗಿದ್ದಾರೆ. ಅದರ ಉಸ್ತುವಾರಿ ಡೆಸ್ಮಂಡ್‌ನದು. ಜಾವೇದ್‌ಗೆ ಜಾಗ ಕೊಡಲು ಅವನು ಕ್ಷಣವೂ ಯೋಚಿಸಲಿಲ್ಲ. ಆದರೆ ಮುಖ ಕಿಬ್ಲಾದ ಕಡೆ, ಅಂದರೆ ಮೆಕ್ಕಾದ ದಿಕ್ಕಿಗೆ ಬರಬೇಕು, ಆದ್ದರಿಂದ ಗೋರಿ ಓರೆಯಾಗಿ ತಿರುಗಬೇಕು ಎಂದಾಗ ಅವನ ಹುಬ್ಬು ಗಂಟಾಯಿತು. ಅವನ ಇಂಗ್ಲಿಷನ್ನು ಬಿಲ್ಕಿಸ್ ನನಗೆ ಹೇಳಿದ್ದು ತನ್ನ ಕನ್ನಡದಲ್ಲಿ, ಹಾಗೇ ಬರೆಯುತ್ತೇನೆ.

“ಸಾಲು ಕೆಡತೈತಿ ಬಿಲ್” ಅಂದ ಡೆಸ್ಮಂಡ್. “ಒಂದು ಗೋರಿ ಸೊಟ್ಟ ಆದ್ರ ಹುಲ್ಲು ಕತ್ತರಸೋ ಗಾಡಿ ತಿರಗಂಗಿಲ್ಲ.”

“ಹುಲ್ಲು ನಾ ಕತ್ತರಸ್ತೀನಿ. ಅವರೊಬ್ಬರ ಗೋರಿದಲ್ಲ, ಎಲ್ಲಾರ್ದೂ.”

“ನಮ್ಮ ಮುತ್ತಜ್ಜ ಹಾಕಿದ ಸಾಲು ಅದು.”

“ನಿಮ್ಮ ಮುತ್ತಜ್ಜ ಐರ್ಲೆಂಡ್ ಬಿಟ್ಟು ಬಂದಾಗ ಇಲ್ಲಿ ಸಾಲಿತ್ತೇನು? ಬಂದ್ರು, ತಮಗ ಬೇಕಾದಂಗ ಹಾಕ್ಕೊಂಡ್ರು. ಅವರಿಗಿಂತ ಮೊದಲಿದ್ದ ಮಾವೊರಿ ಮಂದೀನ ಕೇಳಿದ್ರೇನು? ನಾ ಕೇಳಾಕತ್ತೀನಿ. ಕೇಳಿ ಮಾಡಾಕತ್ತೀನಿ, ಡೆಸ್.”

ಡೆಸ್ಮಂಡ್ ಎದ್ದು ಹೊರಗೆ ಹೋದ. ಕೋಪ ಮಾಡಿಕೊಂಡ ಅಂದುಕೊಂಡಳು. ಅವನು ಒಳಬಂದಾಗ ಕೈಯಲ್ಲಿ ನಾಲ್ಕು ಗೂಟ, ಒಂದು ಉಂಡೆ ದಾರ ಇತ್ತು. “ಯಾವ ಕಡೀ, ತೋರಸು” ಅಂದ. ಅವಳು ಕಿಟಕಿಯಿಂದ ಸಮುದ್ರದ ಕಡೆ ಕೈ ಮಾಡಿದಳು: ಪಶ್ಚಿಮ, ತುಸು ದಕ್ಷಿಣಕ್ಕೆ ಹೊರಳಿ.

ಮರುದಿನ ಬೆಳಿಗ್ಗೆ ಬಿಲ್ಕಿಸ್ ಮತ್ತು ಫರಾಜ್ ಸೇರಿ ಜಾವೇದ್‌ಗೆ ಸ್ನಾನ ಮಾಡಿಸಿದರು. ಕಟ್ಟಿಗೆ ಒಲೆಯ ಮೇಲೆ ನೀರು ಕಾಸಿದ್ದರು. ಕಫನ್‌ಗೆ ಅಂಗಡಿಯವಳು ಮೈಗೆ ಸುತ್ತಲು ಮಡಿಕೆ ಬಿಚ್ಚದ ಬಿಳಿ ಬಟ್ಟೆ ಕಳಿಸಿದ್ದಳು. ಫರಾಜ್ ನಲವತ್ತು ದಾಟಿದವನು. ಚಿಕ್ಕಂದಿನಲ್ಲಿ ತಾತನ ಜತೆ ಇಂಥ ಕೆಲಸಕ್ಕೆ ಹೋಗಿದ್ದವನಂತೆ. ಮರೆತದ್ದನ್ನು ಅವಳು ನೆನಪಿಸಿದಳು, ಅವಳು ಮರೆತದ್ದನ್ನು ಅವನು. ಗಂಡನ ಉಗುರುಸಂದಿಯ ಗ್ರೀಸು ಎಷ್ಟು ತಿಕ್ಕಿದರೂ ಹೋಗಲಿಲ್ಲ. ಕೊನೆಗೆ “ಇರಲಿ ಬಿಡು, ಅದು ಅವರದ” ಅಂದಳು.

ಅಷ್ಟರಲ್ಲಿ ಮೋಡ ಹರಿದು ಹೆಲಿಕಾಪ್ಟರ್ ಬಂತು. ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ ಇಳಿಯಿತು, ಹಸುಗಳು ಬೇಲಿಯ ಮೂಲೆಗೆ ಓಡಿದವು. ಸಾದಿಯಾ ಇಳಿದು ಕೆಸರಿನಲ್ಲಿ ಜಾರುತ್ತ ಓಡಿ ಬಂದಳು. ಅಪ್ಪನ ಪಕ್ಕ ಕೂತು ಮನಸಾರೆ ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಎದ್ದಳು.

“ಮಮ್ಮಿ, ಪೈಲಟ್ ಹೆಚ್ಚು ಹೊತ್ತು ನಿಲ್ಲಲ್ಲ. ಲೆಟ್ಸ್ ಟೇಕ್ ಹಿಮ್ ಹೋಮ್.”

“ಮನ್ಯಾಗ ಅದಾರ ಅವರು.”

“ಯು ಆರ್ ಜಸ್ಟ್ ಬೀಯಿಂಗ್ ಸ್ಟಬರ್ನ್!”

“ಹೌದು.”

“ವಾಟ್ ಅಬೌಟ್ ಮಿ? ನಂಗೆ ಅಬ್ಬಾನ ನೋಡ್ಬೇಕು ಅನ್ಸಿದ್ರೆ? ಪ್ರತಿ ಸಲ ಎರಡು ವಿಮಾನ, ಆಮೇಲೆ ಇಷ್ಟು ರೋಡ್… ಡಿಡ್ ಯು ಥಿಂಕ್ ಅಬೌಟ್ ದಟ್?”

ಬಿಲ್ಕಿಸ್ ಮಗಳ ತೋಳಿನ ಕೆಸರು ಒರೆಸಿದಳು.  “ನಿನಗ ದೂರ ಆಗತೈತಿ ಬೇಟಾ” ಅಂದಳು. “ಅದು ಖರೆ. ಅದಕ್ಕ ನನ್ನ ಹತ್ರ ಉತ್ತರ ಇಲ್ಲ. ಆದ್ರ ನಾ ಕಳಸಂಗಿಲ್ಲ.”

ಸಾದಿಯಾ ಬಾಗಿಲು ಬಡಿದು ಹೊರಗೆ ಹೋದಳು. ಎಲ್ಲಿಗೆಂದು ಅವಳಿಗೂ ಗೊತ್ತಿರಲಿಲ್ಲ. ಸುಮ್ಮನೆ ಹೆದ್ದಾರಿ ದಾಟಿ ದಿಬ್ಬ ಹತ್ತಿದಳು. ದಿಬ್ಬದ ಕೆಳಗೆ ಮಣ್ಣು ಅಗೆಯುವ ಯಂತ್ರ ಕೆಸರಿನಲ್ಲಿ ಹೂತು ನಿಂತಿತ್ತು. ಮೇಲೆ ಹತ್ತಾರು ಜನ ಗುದ್ದಲಿ, ಸಲಿಕೆ ಹಿಡಿದು ಕೈಯಿಂದಲೇ ಅಗೆಯುತ್ತಿದ್ದರು. ಡೆಸ್ಮಂಡ್ ದಾರ ಹಿಡಿದು ಅಂಚು ನೋಡುತ್ತಿದ್ದ. ಕೆಲವರು ಹೊಳೆಯ ಆಚೆಯಿಂದ ಹಗ್ಗ ಕಟ್ಟಿಕೊಂಡು ದಾಟಿ ಬಂದವರು, ಸೊಂಟದವರೆಗೆ ಒದ್ದೆ. ಒಬ್ಬ ಮುದುಕಿ ಅವಳ ಕೈಗೆ ಬಿಸಿ ಚಹಾದ ಮಗ್ ಕೊಟ್ಟು, ನೀನು ಜ್ಯಾವ್‌ನ ಮಗಳಲ್ಲವೇ ಅಂದಳು. ಹೋದ ವಸಂತದಲ್ಲಿ ತನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ಜಾವೇದ್ ವಾರವಿಡೀ ಬಂದು ಹಸುಗಳನ್ನೂ ತಾನೇ ಕರೆದುಕೊಟ್ಟು ಹೋದದ್ದನ್ನು ಹೇಳಿದಳು. ಅಪ್ಪನಿಗೆ ಹಸು ಕರೆಯಲು ಬರುತ್ತಿತ್ತೆಂಬುದೇ ಸಾದಿಯಾಗೆ ಗೊತ್ತಿರಲಿಲ್ಲ. ಅವನು ಹೇಳಿಕೊಳ್ಳುವ ಪೈಕಿಯವನಲ್ಲ.

ಅವಳು ಚಹಾ ಕುಡಿದು ಮಗ್ ವಾಪಸು ಕೊಟ್ಟಳು. ದಣಿದು ನಿಂತಿದ್ದ ಒಬ್ಬನ ಕೈಯಿಂದ ಸಲಿಕೆ ಇಸಿದುಕೊಂಡು ಗುಂಡಿಗೆ ಇಳಿದಳು. ಸಿಟ್ಟು ಇಳಿದಿರಲಿಲ್ಲ, ಸಿಟ್ಟಿನಲ್ಲೇ ಅಗೆದಳು. ಹೆಣ್ಣುಮಗಳು ತಂದೆಯ ಗೋರಿ ತೋಡುವುದನ್ನು ರಾಣೆಬೆನ್ನೂರಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ, ನ್ಯೂ ಲಿನ್‌ನಲ್ಲೂ. ಅವಳನ್ನು ತಡೆಯಬೇಕೆಂದು ರಿಮು ಫ್ಲಾಟಿನ ಯಾರಿಗೂ ಅನ್ನಿಸಲಿಲ್ಲ.

ಪೈಲಟ್ ಆಕಾಶ ನೋಡಿ ಗಡಿಬಿಡಿ ಮಾಡತೊಡಗಿದ. ಬಿಲ್ಕಿಸ್ ಮನೆಯಿಂದ ಹೊರಬಂದು ಅವನಿಗೆ, “ನೀನು ಖಾಲಿ ಹೋಗಬೇಡ, ಸ್ವಲ್ಪ ನಿಲ್ಲು” ಅಂದಳು. ಪಕ್ಕದ ಫಾರ್ಮಿನ ಮ್ಯಾನೇಜರನ ಹೆಂಡತಿ ತುಂಬು ಬಸುರಿ. ರಸ್ತೆ ಕಡಿದಂದಿನಿಂದ ನರ್ಸ್‌ಗೆ ಅವಳದೇ ಚಿಂತೆಯಾಗಿತ್ತು. ಮಹಮ್ಮದ್ ತಮ್ಮನಿಗೆಂದು ಕಳಿಸಿದ ಹೆಲಿಕಾಪ್ಟರಿನಲ್ಲಿ ಆ ಹೆಣ್ಣುಮಗಳು ಗ್ರೇಮೌತ್ ಆಸ್ಪತ್ರೆಗೆ ಹೋದಳು. ಅಲ್ಲಿ ಅವಳಿಗೆ ಸುಖವಾಗಿ ಹೆರಿಗೆಯಾಯಿತು.

ಜನಾಜಾ ನಮಾಜಿಗೆ ಫರಾಜ್ ಮುಂದೆ ನಿಂತ. ಅವನ ಹಿಂದೆ ಬಿಲ್ಕಿಸ್, ಸಾದಿಯಾ ಇಬ್ಬರೇ. ಅವರ ಹಿಂದೆ ಊರವರು ಟೋಪಿ ತೆಗೆದು, ಮತ್ತೆ ಹಿಡಿದ ಮಳೆಯಲ್ಲಿ ತಲೆ ತಗ್ಗಿಸಿ ನಿಂತರು. ಪ್ರಾರ್ಥನೆಯ ಒಂದು ಮಾತೂ ಅವರಿಗೆ ತಿಳಿಯದು. ಫರಾಜ್ ಕೈ ಎತ್ತಿದಾಗ ಕೆಲವರು ತಾವೂ ಎತ್ತಿದರಂತೆ. ಜಾವೇದ್‌ನನ್ನು ಬಲಮಗ್ಗುಲಿಗೆ, ಮುಖ ಸಮುದ್ರದತ್ತ ಬರುವಂತೆ ಮಲಗಿಸಿದರು. ಮೂರು ಹಿಡಿ ಮಣ್ಣು ಹಾಕಲು ನಿಂತ ಸಾಲು ದಿಬ್ಬದಿಂದ ಕೆಳಗಿನ ಗೇಟಿನವರೆಗೆ ಇತ್ತು.

ರಸ್ತೆ ಇಲಾಖೆಯವರು ಹೊಳೆಗೆ ಕಬ್ಬಿಣದ ತಾತ್ಕಾಲಿಕ ಸೇತುವೆ ಹಾಕಿದ ಮೇಲೆ ಮಹಮ್ಮದ್ ಬಂದರು. ಕ್ರೈಸ್ಟ್‌ಚರ್ಚ್‌ನಲ್ಲಿ ಕಾರು ಬಾಡಿಗೆಗೆ ಹಿಡಿದು, ಆರ್ಥರ್ಸ್ ಪಾಸ್ ಘಟ್ಟ ಇಳಿದು, ಒಬ್ಬರೇ ಬಂದರು. ಅಷ್ಟು ವರ್ಷಗಳಲ್ಲಿ ತಮ್ಮನ ಊರಿಗೆ ಅದೇ ಮೊದಲ ಸಲ. ಕಾರಿಳಿದವರೇ ದಿಬ್ಬಕ್ಕೆ ಹೋಗಿ ಫಾತಿಹಾ ಓದಿದರು. ಎಷ್ಟೋ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು.

“ಎಂಥಾ ರಸ್ತಾ ಇದು” ಅಂದರು ಕುರ್ಚಿಗೆ ಕುಸಿದು. “ಹೊಕಿಟಿಕಾ ದಾಟಿದ ಮ್ಯಾಲೆ ನನಗ ಕಾರಿಗಿಂತ ಹೊಳಿ ಜಾಸ್ತಿ ಸಿಕ್ವು.”

“ಹೌದ್ರಿ. ಹೊಳಿ ಭಾಳ.”

“ಒಂದು ಮಾತು ತಿಳ್ಕೊ. ನಾ ಒಪ್ಪಿಲ್ಲ. ಇವತ್ತೂ ಒಪ್ಪಂಗಿಲ್ಲ.”

“ಒಪ್ಪಬ್ಯಾಡ್ರಿ. ಕೈ ತೊಳಕೊಂಡು ಊಟಕ್ಕ ಬರ್ರಿ.”

ಊಟದ ನಡುವೆ ಅವರು ಮತ್ತೆ ಶುರು ಮಾಡಿದರು. ಒಂಟಿ ಹೆಂಗಸು ಇಲ್ಲಿ ಯಾಕಿರಬೇಕು, ನ್ಯೂ ಲಿನ್‌ನಲ್ಲಿ ಅಂಗಡಿಯ ಮೇಲೆ ಮನೆ ಖಾಲಿ ಇದೆ, ರೈಲು ಬಸ್ಸು ಎಲ್ಲ ಬಾಗಿಲಿಗೇ ಬರುತ್ತದೆ ಎಂದರು. ಬಿಲ್ಕಿಸ್ ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. “ಇಲ್ಲಿ ಬಸ್ ನಾನ ಅದೀನಿ ಭಾಯಿಜಾನ್. ನಾ ಬಂದ್ರ ಹುಡುಗೂರು ಸಾಲಿಗೆ ಹೆಂಗ ಹೋಗ್ತಾವ?” ಮಹಮ್ಮದ್ ಸಿಟ್ಟಿನಲ್ಲೇ ಎರಡು ದಿನ ಉಳಿದರು. ಹೋಗುವಾಗ, ತಂದಿದ್ದ ಮಾಂಸವನ್ನು ಫ್ರೀಜರಿನಲ್ಲಿ ತುಂಬಿ, ರಂಜಾನ್‌ಗೆ ಮುಂಚೆ ಇನ್ನಷ್ಟು ಕಳಿಸುತ್ತೇನೆಂದು ಹೇಳಿ ಹೋದರು. ಕಳಿಸಿದರು ಕೂಡ.

ನಾನು ಅಲ್ಲಿಗೆ ಹೋಗಿದ್ದು ಮುಂದಿನ ಬೇಸಿಗೆಯಲ್ಲಿ. ಆಗ ಅವಳಿಗೆ ಇನ್ನೊಂದು ಜಗಳ ನಡೆದಿತ್ತು. ನೆರೆಯಲ್ಲಿ ರಿಮು ಫ್ಲಾಟ್ ಎಂಬ ಹೆಸರಿನ ಹಸಿರು ಫಲಕ ಕೊಚ್ಚಿಹೋಗಿತ್ತು. ರಸ್ತೆಯವರನ್ನು ಕೇಳಿದರೆ, ಅಷ್ಟು ಚಿಕ್ಕ ಜಾಗಕ್ಕೆ ಈಗ ಫಲಕ ಹಾಕುವುದಿಲ್ಲ ಎಂದರಂತೆ. ಬಿಲ್ಕಿಸ್ ಮಾಡಿನ ಹಳೆಯ ತಗಡು ತಂದು, ಬಿಳಿ ಬಣ್ಣ ಬಳಿದು, ಮೇಲೆ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಊರಿನ ಹೆಸರು ಬರೆದು ಹೆದ್ದಾರಿಯ ಪಕ್ಕ ನೆಟ್ಟಳು. ಅವರು ಕಿತ್ತುಹಾಕಿದರು. ಮತ್ತೆ ಬರೆದು ನೆಟ್ಟಳು. ಮತ್ತೆ ಕಿತ್ತರು. ಮೂರನೆಯದನ್ನು ಡೆಸ್ಮಂಡ್ ತನ್ನ ಹೊಲದ ಬೇಲಿಗೆ ತಂತಿ ಹಾಕಿ ಬಿಗಿದ. ಅದು ಅವನ ಸ್ವಂತ ಜಾಗ, ಯಾರೂ ಮುಟ್ಟುವಂತಿಲ್ಲ.

ಅವಳ ವ್ಯಾನಿನಲ್ಲಿ ನಾವು ಆ ಬೇಲಿ ದಾಟಿ ಹೋಗುವಾಗ ಅವಳು ಗಾಡಿ ನಿಧಾನ ಮಾಡಿದಳು.

“ಕನ್ನಡ ಯಾಕೆ ಬರೆದೆ ಮಾರಾಯ್ತಿ?” ಅಂದೆ. “ಇಲ್ಲಿ ಅದನ್ನ ಓದೋರು ಯಾರು?”

“ನೀ ಓದಿದ್ಯಲ್ಲ” ಅಂದಳು ಬಿಲ್ಕಿಸ್. ಎದುರಿನ ಸೇತುವೆಯ ಮೇಲೆ ಹಾಲಿನ ಟ್ಯಾಂಕರ್ ಬರುತ್ತಿತ್ತು. ಅವಳು ಗಾಡಿಯನ್ನು ಪಕ್ಕಕ್ಕೆ ಹಾಕಿ, ದಾರಿ ಬಿಟ್ಟು, ಕಿಟಕಿಯಿಂದ ಕೈ ಬೀಸಿದಳು. ಟ್ಯಾಂಕರಿನವನು ಹಾರ್ನ್ ಬಾರಿಸಿ ಹೋದ.